ನಲವತ್ತೆರಡನೆಯ ಪುಟದ ಗಸಿ

ಕೋಟ
೧೬-೧೧-೨೦೦೮, ಭಾನುವಾರ

ಪ್ರೀತಿಯ ವನಜಾ,

ನೀನು, ನಿನ್ನ ಮಗಳು ದಿವ್ಯಾ, ಮನೆಯವರೆಲ್ಲ ಸೌಖ್ಯವಾಗಿದ್ದೀರಿ ಎಂದುಕೊಂಡು ಶುರುಮಾಡುತ್ತಿದ್ದೇನೆ. ನಾನೂ ಸೌಖ್ಯ. ಪತ್ರದಲ್ಲಿ ಹೀಗೆ ಬರೆಯುವುದು ಕ್ರಮ, ಅದಕ್ಕೆ ಬರೆದೆ. ನಿಜ ಹೇಳಬೇಕೆಂದರೆ ಎಡಗೈಯ ಎರಡು ಬೆರಳು ಸುಟ್ಟುಕೊಂಡಿದ್ದೇನೆ, ಅಡಿಗೆಮನೆಯ ಗೋಡೆಗೆಲ್ಲ ಮೆಣಸಿನ ಕಲೆ, ಮತ್ತು ಒಂದು ವಾರದಿಂದ ಎದುರಿಗೆ ಕೂರಿಸಿಕೊಂಡು ಮಾತಾಡಿದ್ದು ಬೆಕ್ಕಿನ ಜೊತೆ ಮಾತ್ರ. ಅದೂ ನಿನ್ನೆಯಿಂದ ಈ ಕಡೆ ತಲೆ ಹಾಕಿಲ್ಲ. ನನ್ನ ಕೈಯಡಿಗೆ ಅದಕ್ಕೂ ಸಾಕಾಗಿರಬೇಕು.

ಈ ಪತ್ರವನ್ನು ದಿವ್ಯಾಳಿಂದ ಓದಿಸಬೇಡ, ನೀನೇ ಓದು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ನನಗೆ ಓದಲು ಬರುವುದಿಲ್ಲ ಎಂದೆಲ್ಲ ನನ್ನ ಹತ್ತಿರ ನಡೆಯುವುದಿಲ್ಲ. ಕುಂದಾಪುರದ ಟಾಕೀಸಿನಲ್ಲಿ ಪರದೆಯ ಮೇಲೆ ಹೆಸರು ಬರುವಾಗ ಕ್ಯಾಮೆರಾದವನಿಂದ ಹಿಡಿದು ಊಟ ಸರಬರಾಜು ಮಾಡಿದವನವರೆಗೆ ಒಂದನ್ನೂ ಬಿಡದೆ ಓದುತ್ತಿದ್ದವಳು ನೀನು.

ನಮ್ಮವರು ದೀಪಾವಳಿಗೆ ಬಂದಿದ್ದರು. ಹೋದ ಭಾನುವಾರ ಮುಂಬೈಗೆ ವಾಪಸು ಹೋದರು. ಇದ್ದಷ್ಟು ದಿನ ಮನೆ ತುಂಬ ಅವರ ಹೋಟೆಲಿನ ಮಾತು, ಹೋದ ಮೇಲೆ ಫ್ರಿಜ್ಜಿನ ಸದ್ದು. ಮಗಳು ಸೌಮ್ಯಶ್ರೀ ಬೈಂದೂರಿನಿಂದ ಫೋನು ಮಾಡುತ್ತಾಳೆ, ಊಟ ಆಯಿತಾ ಎಂದು ಕೇಳುತ್ತಾಳೆ, ಆಯಿತು ಎನ್ನುತ್ತೇನೆ, ಇಡುತ್ತಾಳೆ. ಅಡಿಗೆಯ ನಾಗುವಿಗೆ ಒಂದು ವಾರ ರಜೆ ಕೊಟ್ಟೆ. ಅವಳಿಗೇ ಆಶ್ಚರ್ಯ, ಕೇಳದೆ ಸಿಕ್ಕಿದ ರಜೆ. ಕಾರಣ ಹೇಳಲಿಲ್ಲ. ನನ್ನ ಹೆಸರಿರುವ ಅಡಿಗೆ ಪುಸ್ತಕವನ್ನು ಎದುರಿಗಿಟ್ಟುಕೊಂಡು ನಾನೇ ಅಡಿಗೆ ಕಲಿಯುವುದನ್ನು ಅವಳು ನೋಡುವುದು ಬೇಡವಾಗಿತ್ತು.

ಹೌದು, ಒಂದು ವಾರ ನಾನು ನಮ್ಮ ಪುಸ್ತಕ ನೋಡಿಕೊಂಡು ಅಡಿಗೆ ಮಾಡಿದೆ. ನಗು, ಪರವಾಗಿಲ್ಲ. ನನಗೆ ಅಡಿಗೆ ಪುಸ್ತಕದ ಹುಚ್ಚು ಮೊದಲಿನಿಂದ ಇದ್ದದ್ದು ನಿನಗೆ ಗೊತ್ತು. ಓದುವ ಹುಚ್ಚು, ಮಾಡುವುದಲ್ಲ. ನಮ್ಮವರು ಮುಂಬೈಯಿಂದ ತಂದ ಹನ್ನೊಂದು ಪುಸ್ತಕಗಳನ್ನು ಕಾದಂಬರಿಯ ಹಾಗೆ ಓದಿ ಮುಗಿಸಿದವಳು ನಾನು. ನಮ್ಮ ಪುಸ್ತಕಕ್ಕೆ ಮಾತ್ರ ಎರಡು ಹೆಂಗಸರು ಬೇಕಾಯಿತು. ಹಿತ್ತಲ ಒಲೆಯ ಮುಂದೆ ನೀನು ಮೀನು ಬೇಯಿಸುತ್ತಿದ್ದೆ, ಮೆಟ್ಟಿಲ ಮೇಲೆ ಕೂತು ನಾನು ಬರೆಯುತ್ತಿದ್ದೆ. ಹೊಗೆ ನಿನ್ನ ಕಣ್ಣಿಗೆ, ಗಾಳಿ ನನ್ನ ಬೆನ್ನಿಗೆ.

ಸೋಮವಾರ ಮೀನು ಮಾಡುವಂತಿರಲಿಲ್ಲ. ನೀರುದೋಸೆ, ಸೌತೆಕಾಯಿ ಹುಳಿ ಮಾಡಿದೆ. ದೋಸೆ ಕಾವಲಿಯನ್ನು ಬಿಡಲು ಒಪ್ಪಲೇ ಇಲ್ಲ. ಕೊನೆಗೆ ಚಮಚದಲ್ಲಿ ಕೆರೆದುಕೊಂಡು ತಿಂದೆ. ಒಬ್ಬಳಿಗೇ ಆದ್ದರಿಂದ ಮರ್ಯಾದೆಯ ಪ್ರಶ್ನೆ ಬರಲಿಲ್ಲ.

ಮಂಗಳವಾರ ಧೈರ್ಯ ಮಾಡಿ ನಲವತ್ತೆರಡನೆಯ ಪುಟ ತೆಗೆದೆ. ಬಂಗುಡೆ ಗಸಿ, ಕಾಯಿ ಅರೆದು ಮಾಡುವ ನಿನ್ನ ಗಟ್ಟಿ ಮೀನುಸಾರು. ಈಗ ನಿನ್ನ ಬದಲು ಮನೆಗೆ ಮೀನು ಮಾರಲು ಬರುವುದು ನಿಮ್ಮ ಊರಿನ ಪದ್ದು. ಆರು ಬಂಗುಡೆ ತೆಗೆದುಕೊಂಡೆ. ಒಬ್ಬರೇ ಅಲ್ದಾ, ಆರ್ ಎಂತಕೆ ಎಂದು ಕೇಳಿದಳು. ನೆಂಟರು ಬರುತ್ತಾರೆ ಎಂದು ಸುಳ್ಳು ಹೇಳಿದೆ. ಪುಸ್ತಕದಲ್ಲಿ ಬರೆದ ಹಾಗೆಯೇ ಮೆಣಸು ಹುರಿದೆ, ತೆಂಗಿನಕಾಯಿ ಅರೆದೆ, ಗ್ರಾಂ ಲೆಕ್ಕದಲ್ಲಿ ಹುಳಿ ಹಾಕಿದೆ. ಕೊನೆಗೆ, "ಮೀನಿನ ಹೋಳುಗಳನ್ನು ಹಾಕಿ ಚೆನ್ನಾಗಿ ಕಲಕುತ್ತಾ ಹತ್ತು ನಿಮಿಷ ಬೇಯಿಸಿರಿ" ಎಂದು ಇದೆ. ಕಲಕಿದೆ. ಹತ್ತು ನಿಮಿಷವಾದಾಗ ಪಾತ್ರೆಯಲ್ಲಿ ಮೀನೂ ಇರಲಿಲ್ಲ, ಗಸಿಯೂ ಇರಲಿಲ್ಲ. ಮುಳ್ಳು ತುಂಬಿದ ಕೆಂಪು ಗಂಜಿ ಇತ್ತು.

ಪುಸ್ತಕ ಬಂದ ವರ್ಷವೇ ಬ್ರಹ್ಮಾವರದ ಒಬ್ಬರು ಹೆಂಗಸು ಇದನ್ನೇ ನನಗೆ ಕಾರ್ಡಿನಲ್ಲಿ ಬರೆದಿದ್ದರು. ನಿಮ್ಮ ಮೀನು ಹಳತಿರಬೇಕು ಎಂದು ಅವರಿಗೆ ಉತ್ತರ ಬರೆದಿದ್ದೆ. ನೋಡು ನನ್ನ ಸೊಕ್ಕು.

ತಪ್ಪು ಎಲ್ಲಿ ಎಂದು ಆವತ್ತು ಸಂಜೆಯೆಲ್ಲ ಕೂತು ಯೋಚಿಸಿದೆ. ಆಗ ನಿನ್ನ ಕೈ ನೆನಪಾಯಿತು. ಮೀನು ಹಾಕಿದ ಮೇಲೆ ನೀನು ಸೌಟು ಮುಟ್ಟುತ್ತಿರಲಿಲ್ಲ. ಹಳೆ ಬಟ್ಟೆಯಲ್ಲಿ ಪಾತ್ರೆಯ ಕಂಠವನ್ನು ಎರಡೂ ಕಡೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ ಇಡುತ್ತಿದ್ದೆ. ಬರೀ ಮಾಡಿ ತೋರಿಸಿದ್ದಲ್ಲ, ಬಾಯಿಬಿಟ್ಟು ಹೇಳಿಯೂ ಇದ್ದೆ: "ಹ್ವಾಯ್ ಗಿರಿಜಕ್ಕ, ಮೀನ್ ಹಾಕಿದ್ಮೇಲೆ ಸೌಟ್ ಹಾಕುಕಾಗ. ಹಿಡ್ದ್ ಅಲ್ಲಾಡ್ಸಿರೆ ಸೈ. ಬರ್ಕಣಿ." ನಾನು ಬರೆದುಕೊಂಡಿದ್ದೆ ವನಜಾ. ಅಚ್ಚಿಗೆ ಕೊಡುವಾಗ ಆ ಸಾಲನ್ನು ಹೊಡೆದುಹಾಕಿದ್ದು ನಾನೇ. ಉಳಿದ ಹನ್ನೊಂದು ಪುಸ್ತಕಗಳಲ್ಲಿ ಎಲ್ಲಿಯೂ ಪಾತ್ರೆ ಅಲ್ಲಾಡಿಸಿರಿ ಎಂದು ಇರಲಿಲ್ಲ. ಓದಿದವರು ಹಳ್ಳಿಗುಗ್ಗು ಎಂದಾರು ಅಂದುಕೊಂಡು ಎಲ್ಲರೂ ಬರೆಯುವ ಹಾಗೆ ಚೆನ್ನಾಗಿ ಕಲಕಿ ಎಂದು ಬರೆದೆ. ನೀನು ಮುಷ್ಟಿ ಎಂದದ್ದೆಲ್ಲ ನನ್ನ ಕೈಯಲ್ಲಿ ನೂರು ಗ್ರಾಂ ಆಯಿತು. ನಿನ್ನ ಮುಷ್ಟಿ ನೂರು ಗ್ರಾಂ ಇದೆಯೋ ಇಲ್ಲವೋ ನಾನು ತೂಗಿ ನೋಡಿದವಳೇ ಅಲ್ಲ.

ಬುಧವಾರ ಮತ್ತೆ ಅದೇ ಗಸಿ. ಸೌಟು ಹಾಕಲಿಲ್ಲ, ಪಾತ್ರೆ ಅಲ್ಲಾಡಿಸಿದೆ. ಬೆರಳು ಸುಟ್ಟುಕೊಂಡದ್ದು ಆಗಲೇ. ಮೀನು ಮಾತ್ರ ಇಡೀ ಉಳಿಯಿತು. ರುಚಿ ನಿನ್ನದರ ಅರ್ಧವೂ ಬರಲಿಲ್ಲ, ಆದರೂ ಬಡಿಸಿಕೊಂಡು ಕೂತಾಗ ಎದುರಿಗೆ ಯಾರಾದರೂ ಇರಬೇಕಿತ್ತು ಅನಿಸಿತು. ಯಾರಾದರೂ ಅಲ್ಲ, ನೀನು. ಉಪ್ಪು ಮುಂದಾಯಿತು ಎಂದು ಮುಖ ಸಿಂಡರಿಸಲಿಕ್ಕಾದರೂ.

ಊಟ ಮುಗಿಸಿ ಸಿನಿಮಾ ಹಾಕಿದೆ. ಪೇಟೆಯ ಸಿ.ಡಿ. ಅಂಗಡಿಯಿಂದ ಈ ವಾರ ನಾಲ್ಕು ತಂದಿದ್ದೆ. ನಾವು ಸೋಮವಾರಗಳಂದು ಕುಂದಾಪುರಕ್ಕೆ ಹೋಗುತ್ತಿದ್ದದ್ದು ನೆನಪಿದೆಯಲ್ಲ. ಸೋಮವಾರ ನಿನಗೆ ವ್ಯಾಪಾರ ಕಡಿಮೆ. ತಲೆಗೆ ಸ್ನಾನ ಮಾಡಿ, ಅಬ್ಬಲಿಗೆ ಮುಡಿದು, ಬಸ್‌ಸ್ಟ್ಯಾಂಡಿನಲ್ಲಿ ನನಗಿಂತ ಮೊದಲೇ ನಿಂತಿರುತ್ತಿದ್ದೆ. ಸಿನಿಮಾದ ಕೊನೆ ಹಿಡಿಸದಿದ್ದರೆ ವಾಪಸು ಬರುವ ಬಸ್ಸಿನಲ್ಲಿ ನೀನೇ ಬೇರೆ ಕೊನೆ ಕಟ್ಟುತ್ತಿದ್ದೆ. ಸತ್ತವರನ್ನು ಎಬ್ಬಿಸುತ್ತಿದ್ದೆ, ಬಿಟ್ಟುಹೋದ ಗಂಡನನ್ನು ಬಾಗಿಲಲ್ಲೇ ನಿಲ್ಲಿಸಿ ಬೈಯುತ್ತಿದ್ದೆ. ಕಂಡಕ್ಟರನೂ ಟಿಕೆಟು ಕೊಡುವುದು ಬಿಟ್ಟು ಕೇಳುತ್ತಿದ್ದ. ಬುಧವಾರ ನೋಡಿದ ಸಿನಿಮಾದಲ್ಲಿ ಅಕ್ಕತಂಗಿಯರು ಕೊನೆಗೂ ಒಂದಾಗುವುದಿಲ್ಲ. ನನಗೆ ಬೇರೆ ಕೊನೆ ಕಟ್ಟಲು ಬರಲಿಲ್ಲ. ಸುಮ್ಮನೆ ಅತ್ತೆ.

ವೈನಿನ ವಿಷಯವನ್ನೂ ಹೇಳಿಬಿಡುತ್ತೇನೆ. ಬ್ರಹ್ಮಾವರದ ಸೆಲಿನ್ ಬಾಯಿ ಕ್ರಿಸ್‌ಮಸ್ಸಿಗೆ ಕೊಡುವ ಮನೆಯ ದ್ರಾಕ್ಷಿ ವೈನು. ಒಂದು ಸಲ ನಾವಿಬ್ಬರೂ ಸ್ಟೀಲು ಲೋಟದಲ್ಲಿ ಹಾಕಿಕೊಂಡು ಕುಡಿದದ್ದು, ಕೆಮ್ಮಿನ ಔಷಧಿ ಕಂಡಂಗ್ ಇತ್ತ್ ಎಂದು ನೀನು ಹೇಳಿ ಇನ್ನೊಂದು ಲೋಟ ಕೇಳಿದ್ದು. ಆವತ್ತು ಎಂತಕ್ಕೆ ಅಷ್ಟು ನಕ್ಕೆವು ಎಂದು ಈಗಲೂ ಗೊತ್ತಿಲ್ಲ. ಹೋದ ವರ್ಷದ ಬಾಟ್ಲಿ ಅಕ್ಕಿ ಡಬ್ಬದ ಹಿಂದೆ ಹಾಗೆಯೇ ಇತ್ತು. ಈ ವಾರ ದಿನಾ ಸಂಜೆ ಅರ್ಧ ಲೋಟ ಕುಡಿದೆ, ದೀಪ ಹಚ್ಚುವ ಮೊದಲೇ. ದೀಪ ಹಚ್ಚಿದ ಮೇಲೆ ಕುಡಿಯಲು ಮನಸ್ಸು ಬರಲಿಲ್ಲ. ಒಬ್ಬಳೇ ಕುಡಿದರೆ ಅದು ಬರೀ ಹುಳಿ.

ಇಷ್ಟು ಹೊತ್ತು ಅಡಿಗೆ, ಸಿನಿಮಾ ಎಂದು ಸುತ್ತುತ್ತಿದ್ದೇನೆ. ಈ ವಾರ ಯಾಕೆ ಇದ್ದಕ್ಕಿದ್ದಂತೆ ಒಲೆಯ ಮುಂದೆ ನಿಂತೆ ಎಂದು ನೀನು ಆಗಲೇ ಕೇಳಿರುತ್ತೀ. ಗುರುವಾರ, ಇಪ್ಪತ್ತನೇ ತಾರೀಕು, ಒಂದು ಟೀವಿ ಚಾನೆಲಿನವರು ನಮ್ಮ ಮನೆಗೆ ಬರುತ್ತಾರೆ. ಪುಸ್ತಕ ಬರೆದವರು ತಮ್ಮ ಕೈಯಾರೆ ಬಂಗುಡೆ ಗಸಿ ಮಾಡಿ ತೋರಿಸಬೇಕಂತೆ. ಸೌಮ್ಯಶ್ರೀಯ ಕಡೆಯಿಂದ ನನ್ನ ನಂಬರು ಸಿಕ್ಕಿತಂತೆ. ಫೋನು ಬಂದ ದಿನ ಹಿಗ್ಗಿದೆ, ಒಂದು ಹೊಸ ಸೀರೆಯನ್ನೂ ತೆಗೆದಿಟ್ಟೆ. ಆಮೇಲೆ ನೆನಪಾಯಿತು, ಆ ಗಸಿಯನ್ನು ನಾನು ಒಮ್ಮೆಯೂ ಮಾಡಿದವಳಲ್ಲ.

ಮಂಗಳವಾರ ಗಸಿ ಹಾಳಾದಾಗ ಒಂದು ಉಪಾಯ ಹೊಳೆದಿತ್ತು. ನಿನ್ನನ್ನು ಹೇಗಾದರೂ ಕರೆಸುವುದು, ಹಿತ್ತಲ ಒಲೆಯಲ್ಲಿ ನೀನು ಮಾಡುವುದು, ಮುಂದೆ ಗ್ಯಾಸಿನ ಹತ್ತಿರ ನಾನು ನಿಂತು ಮುಚ್ಚಳ ತೆಗೆದು ತೋರಿಸುವುದು. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಈ ಪತ್ರವನ್ನು ಮಂಗಳವಾರವೇ ಬರೆದಿದ್ದರೆ ಅದೇ ಇರುತ್ತಿತ್ತು ಇದರಲ್ಲಿ, ಸಕ್ಕರೆ ಸವರಿದ ಮಾತಿನಲ್ಲಿ.

ಎರಡು ವರ್ಷದ ಹತ್ತಿರವಾಯಿತು ನೀನು ಈ ಗೇಟು ದಾಟಿ. ಯಾಕೆ ಬರುತ್ತಿಲ್ಲ ಎಂದು ಪದ್ದುವಿನ ಹತ್ತಿರ ನಾಲ್ಕೈದು ಸಲ ಕೇಳಿಸಿದೆ. ಏನೂ ಗೊತ್ತಿಲ್ಲದವಳಂತೆ ಕೇಳಿಸಿದೆ. ಗೊತ್ತಿತ್ತು. ಪುಸ್ತಕ ಬಿಡುಗಡೆಯ ದಿನ ನಾನು ಸ್ಟೇಜಿನ ಮೇಲೆ ಶಾಲು ಹೊದ್ದು ಕೂತಿದ್ದೆ, ಸಭಾಭವನದ ಹಿಂದೆ ಚಪ್ಪರದಲ್ಲಿ ನೀನು ಇನ್ನೂರು ಜನಕ್ಕೆ ಮೀನು ಹುರಿಯುತ್ತಿದ್ದೆ. ಬಂದ ಅತಿಥಿ ಈ ಕೈರುಚಿ ಯಾರಿಂದ ಬಂತು ಎಂದು ಕೇಳಿದರು. ಹೆತ್ತ ತಾಯಿಯಿಂದ, ಅಜ್ಜಿಯಿಂದ ಎಂದು ಮೈಕಿನಲ್ಲಿ ಹೇಳಿದೆ. ನಮ್ಮಮ್ಮ ಮೀನು ಮುಟ್ಟುತ್ತಿದ್ದದ್ದು ಉಣ್ಣುವಾಗ ಮಾತ್ರ. ಎದುರಿಗೆ ನಮ್ಮವರ ಮುಂಬೈ ಸ್ನೇಹಿತರು ಸಾಲಾಗಿ ಕೂತಿದ್ದರು. ಮೀನು ಮಾರುವವಳು ಕಲಿಸಿದ್ದು ಎಂದು ಅವರ ಎದುರು ಹೇಳಲು ನನಗೆ ಬಾಯಿ ಬರಲಿಲ್ಲ. ಅಷ್ಟೇ ಕಾರಣ, ಬೇರೆ ಇಲ್ಲ. ಹಿಂದಿನ ಚಪ್ಪರಕ್ಕೂ ಒಂದು ಸ್ಪೀಕರು ಕಟ್ಟಿದ್ದಾರೆ ಎಂದು ನಾನು ಆಮೇಲೆ ನೋಡಿದೆ. ನೀನು ಒಲೆ ಆರಿಸಿ, ಕೈ ತೊಳೆದು, ಉಣ್ಣದೆ ಹೊರಟಿದ್ದೆ. ದಾರಿಗೆ ಅಡ್ಡ ನಿಂತರೆ, "ಹೊತ್ತಾಯ್ತ್ ಗಿರಿಜಕ್ಕ, ಬತ್ತೆ" ಎಂದೆ. ನನ್ನ ಮುಖ ನೋಡಲಿಲ್ಲ. ನೀನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಿನ್ನೆ ಚಾನೆಲಿನವನಿಗೆ ಫೋನು ಮಾಡಿ ಹೇಳಿದೆ, ಆ ಗಸಿ ನನ್ನದಲ್ಲ, ಪಡುಕರೆಯ ವನಜ ಎನ್ನುವವರದ್ದು, ಪುಸ್ತಕದಲ್ಲಿ ಇರುವುದೆಲ್ಲ ಅವರದ್ದು, ತಪ್ಪುಗಳು ಮಾತ್ರ ನನ್ನವು ಎಂದು. ಅವನಿಗೆ ನಗು. ಯಾರು ಮಾಡಿದರೇನು ಮೇಡಂ, ನೋಡುವವರಿಗೆ ಅದೆಲ್ಲ ಬೇಡ, ನೀವೇ ನಿಲ್ಲಿ ಎಂದ. ನಿಲ್ಲುವುದಿಲ್ಲ ಎಂದೆ. ನಿಂತರೆ ಅವರು ನಿಲ್ಲುತ್ತಾರೆ, ಅವರು ಒಪ್ಪದಿದ್ದರೆ ಕಾರ್ಯಕ್ರಮವೇ ಬೇಡ ಎಂದೆ. ಬುಧವಾರದೊಳಗೆ ತಿಳಿಸಿ ಎಂದು ಫೋನು ಇಟ್ಟ. ನಮ್ಮವರಿಗೂ ಹೇಳಿದೆ. ನಿನಗೆ ಹುಚ್ಚು ಹಿಡಿದಿದೆ ಎಂದರು. ಇರಬಹುದು.

ಬರುತ್ತೀಯಾ ವನಜಾ? ಬಂದರೆ ಮುಂದೆ ನಿಲ್ಲುವವಳು ನೀನು. ಕಾಯಿ ತುರಿದುಕೊಡುವ ಕೆಲಸ ನನಗೆ ಇರಲಿ, ಅಷ್ಟು ಬರುತ್ತದೆ. ಬಾರದಿದ್ದರೆ ಗುರುವಾರ ಗೇಟಿಗೆ ಬೀಗ ಹಾಕಿ ಬೈಂದೂರಿಗೆ ಹೋಗಿ ಮಗಳ ಮನೆಯಲ್ಲಿ ಕೂರುತ್ತೇನೆ. ನೀನು ಬಾರದೆ ಇರಲು ನಿನಗೆ ಪೂರಾ ಹಕ್ಕಿದೆ. ನನಗೆ ನಿನ್ನ ಗಸಿ ಬೇಕು ಎಂದು ಕರೆಯುತ್ತಿಲ್ಲ. ನೀನಿಲ್ಲದೆ ನನಗೆ ಬಹಳ ಬೇಸರ. ಐವತ್ತೆರಡು ವರ್ಷದಲ್ಲಿ ನನಗೆ ಇದ್ದ ಸ್ನೇಹಿತೆ ನೀನೊಬ್ಬಳೇ, ಅದನ್ನು ಮೈಕಿನಲ್ಲಿ ಹೇಳಬೇಕಾಗಿದ್ದವಳು ನಾನು.

ತಪ್ಪು ಮಾಡಿದವಳು,
ನಿನ್ನ ಗಿರಿಜಕ್ಕ

ತಾ.ಕ.: ಪತ್ರ ಮಡಚಿ ಲಕೋಟೆಯ ಮೇಲೆ ನಿನ್ನ ವಿಳಾಸ ಬರೆಯಲು ಹೊರಟೆ. ನಿನ್ನ ಹೆಸರಿನ ಕೆಳಗೆ ಪೆನ್ನು ನಿಂತುಬಿಟ್ಟಿತು. ಹನ್ನೆರಡು ವರ್ಷ ನೀನು ನನ್ನ ಮನೆಗೆ ಬಂದೆ. ಹಿತ್ತಲಲ್ಲಿ ಬೇಯಿಸಿದೆ, ನನ್ನ ಬಾಣಂತಿ ಮಗಳನ್ನು ಮೀಯಿಸಿದೆ, ನನಗೆ ಜ್ವರ ಬಂದಾಗ ತಲೆಯ ಹತ್ತಿರ ಕೂತೆ. ಪಡುಕರೆ ಇಲ್ಲಿಂದ ಎರಡು ಮೈಲಿ. ನಿನ್ನ ಮನೆ ಎಲ್ಲಿ, ಹಂಚಿನದೋ ಸೋಗೆಯದೋ, ಬಾಗಿಲು ಯಾವ ಕಡೆಗೆ ಎಂದು ನಾನು ಒಂದು ದಿನವೂ ಕೇಳಲಿಲ್ಲ, ಬಂದು ನೋಡಲೂ ಇಲ್ಲ. ಗುರುವಾರದ್ದು ಹಾಗಿರಲಿ. ನಾನೇ ಬರಲೇ? ಪತ್ರವನ್ನು ಪದ್ದುವಿನ ಕೈಯಲ್ಲಿ ಕೊಡುತ್ತಿದ್ದೇನೆ, ಅವಳಿಗೆ ಮನೆ ಗೊತ್ತಂತೆ. ಲಕೋಟೆಯ ಮೇಲೆ ನಿನ್ನ ಹೆಸರು ಮಾತ್ರ ಇದೆ.