ಉಳಿದ ಒಂದು ಹೊಂಗೆಮರ

ಭಾನು,

ನಾನು ಚಿಕ್ಕವಳಿದ್ದಾಗ ನಿನ್ನ ಮುತ್ತಜ್ಜ ಗದ್ದೆಯ ಗೊಬ್ಬರಕ್ಕೆಂದು ಹೊಂಗೆಸೊಪ್ಪು ಕಡಿಯುವಾಗ ಬರುತ್ತಿದ್ದ ಹಸಿ ವಾಸನೆ, ಇವತ್ತು ಕೆರೆ ಹಿಂದಿನ ತೋಪಿನಲ್ಲಿ ಮೂಗಿಗೆ ಬಡಿಯಿತು. ನಾಳೆ ನಿನ್ನ ಶಾಲೆಯ ಮಕ್ಕಳು ನಿನ್ನಿಂದ ಹಕ್ಕಿಗಳ ಭಾಷೆ ಕಲಿಯಲು ಕೂರುವ ಜಾಗ ಗುಡಿಸೋಣವೆಂದು ಹೋಗಿದ್ದೆ. ಹರಟೆಮಲ್ಲ ಹಕ್ಕಿಗಳು ಒಂದೇ ಸಮನೆ ಕಿರುಚುತ್ತಿದ್ದವು. ನೀನು ಹೇಳಿಕೊಟ್ಟಂತೆ ಹಾವಿರಬೇಕೆಂದು ಕೋಲು ಬಡಿಯುತ್ತಾ ನಡೆದೆ. ಹಾವಲ್ಲ ಕಣೇ, ಜೆಸಿಬಿ! ಕಾರ್ಖಾನೆಯ ರಸ್ತೆಗಂತೆ. ತೋಪೇ ಇಲ್ಲ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಮಕ್ಕಳಿಗೆ ಬರಬೇಡಿ ಎನ್ನಬೇಡ. ಅಂಚಿನಲ್ಲಿ ಒಂದು ಮರ ಉಳಿದಿದೆ, ಅದರಲ್ಲಿ ಗೂಡೂ ಇದೆ. ಚಾಪೆ ತೆಗೆದುಕೊಂಡು ಅದರ ಕೆಳಗೆ ಕೂರಲು ಹೋಗುತ್ತಿದ್ದೇನೆ. ಮುದುಕಿಯ ಮೇಲೆ ಯಂತ್ರ ಹಾಯಿಸಲಾರರು.

ಅವಲಕ್ಕಿ ನೆನೆಸಿಟ್ಟಿದ್ದೇನೆ, ತಿಂದು ಪಂಚಾಯಿತಿಯವರನ್ನು ಕರೆದುಕೊಂಡೇ ಬಾ.

ಆ ಡ್ರೈವರನ್ನು ಮಾತ್ರ ಬೈಯಬೇಡ. "ಸಂಜೆ ಗಂಟ ಎಲ್ಲಾ ಸಾಫ್ ಆಗ್ಬೇಕು ಅಂದವ್ರೆ ಅಜ್ಜಿ, ನಾನೇನ್ ಮಾಡ್ಲಿ?" ಎಂದ. ನಾನು ಬಿದ್ದ ಮರದ ಮೇಲೆ ಕುಸಿದು ಕೂತಾಗ ಎಂಜಿನ್ ನಿಲ್ಲಿಸಿ ಇಳಿದು ಬಂದು, ತನ್ನ ತಟ್ಟೆ ಇಡ್ಲಿಯ ಪೊಟ್ಟಣವನ್ನು ನನ್ನ ಕೈಗಿಟ್ಟ.