ಎಲ್ಲೂ ಇಳಿಯದ ಅಜ್ಜಿಯರು

ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರ.

ಈ ಊರಲ್ಲಿ ವಯಸ್ಸಾದವರಿಗೆ ಮಧ್ಯಾಹ್ನ ಬಸ್ಸು ಪುಕ್ಕಟೆ. ಅದನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ಅಳೆದು ತೂಗಿ ಹೇಳಲು ನಮ್ಮ ಆಫೀಸಿನವರನ್ನು ಕರೆಸಿದ್ದಾರೆ. ನಾನು ಬಸ್ಸಿನಲ್ಲಿ ಕೂತು "ಎಲ್ಲಿಗೆ ಹೊರಟಿರಿ?" ಎಂದು ಕೇಳಿ ಫಾರಂ ತುಂಬುತ್ತೇನೆ. ಅರ್ಧಕ್ಕರ್ಧ ಜನ ಎಲ್ಲೂ ಇಳಿಯುವುದೇ ಇಲ್ಲ! ಒಂದು ಸುತ್ತು ಹೊಡೆದು ಹತ್ತಿದ ಕಡೆಗೇ ವಾಪಸು. ಅಂಥವರಿಗೆ ಫಾರಂನಲ್ಲಿ ಇರುವುದು ಒಂದೇ ಕಾಲಂ: 'ವ್ಯರ್ಥ ಪ್ರಯಾಣ'. ನಿನ್ನೆ ಅದನ್ನು ಕೇಳಿ ಒಬ್ಬ ಅಜ್ಜಿ ನಕ್ಕುಬಿಟ್ಟರು. "ವ್ಯರ್ಥ ಯಾಕಮ್ಮಾ? ನಾನು ಎರಡು ಗಂಟೆ ಮನೇಲಿಲ್ಲ ಅಂದ್ರೆ ನನ್ನ ಸೊಸೆ ಕಾಲು ಚಾಚಿ ಮಲಗ್ತಾಳೆ. ಅದನ್ನೂ ಬರ್ಕೋ."

ಬರೆದುಕೊಂಡೆ. ನಮ್ಮ ಸಾಹೇಬರು ಹುಬ್ಬೇರಿಸಿದರು. "ಇದ್ಯಾವ ಲಾಭಾರೀ?" ನಾನೂ ಬಿಡಲಿಲ್ಲ. "ಸರ್, ಆ ಹೊತ್ತಲ್ಲಿ ಬಸ್ಸು ಹೇಗೂ ಖಾಲಿ ಓಡುತ್ತೆ, ಅಜ್ಜಿ ಕೂತರೆ ಹೆಚ್ಚಿನ ಖರ್ಚೇನಿಲ್ಲ. ಲಾಭ ಮಾತ್ರ ಇಬ್ಬರಿಗೆ. ಅದರಲ್ಲಿ ಒಬ್ಬಳು ಬಸ್ಸೇ ಹತ್ತಿಲ್ಲ." ಫಾರಂಗೆ ಹೊಸ ಕಾಲಂ ಸೇರಿತು. ಸೋಮವಾರದಿಂದ ಮನೆಮನೆಗೆ ಹೋಗಿ ಸೊಸೆಯಂದಿರನ್ನು ಕೇಳುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದ್ದಾರೆ.

ನನ್ನ ಕೆಮ್ಮು ಬಿಟ್ಟಿದೆ. ನೀವು ಮಂಡಿಗೆ ಎಣ್ಣೆ ಹಚ್ಚುವುದನ್ನು ತಪ್ಪಿಸಬೇಡಿ.

ಈ ಕಾರ್ಡಿನಲ್ಲಿ ಇನ್ನು ಸ್ವಲ್ಪವೇ ಜಾಗ ಇದೆ. ನಾನು ಪರೀಕ್ಷೆಗೆ ಓದುತ್ತಿದ್ದ ವರ್ಷ ನೀವು ದಿನಾ ಊಟವಾದ ಕೂಡಲೇ ಪಕ್ಕದ ಮನೆಗೆ ಹೋಗಿ ಕೂರುತ್ತಿದ್ದಿರಿ. ಹರಟೆಗೆ ಹೋಗುತ್ತಾರೆ ಎಂದು ನಿಮ್ಮ ಮಗನ ಹತ್ತಿರ ಚಾಡಿ ಹೇಳಿದ್ದೆ. ಆ ಮನೆಯಾಕೆಗೆ ಕಿವಿ ಕೇಳಿಸುವುದೇ ಇಲ್ಲ ಅನ್ನುವುದು ನಿನ್ನೆ ಬಸ್ಸಿನಲ್ಲಿ ನೆನಪಾಯಿತು.

ನಿಮ್ಮ ಸೊಸೆ