ಚಾವಿ ಗಾಡಿಯಲ್ಲೇ ಇತ್ತು

ಶಲವಡಿ
ಮಂಗಳವಾರ, ೧೨-೧೧-೨೦೨೪

ಪೂಜ್ಯ ಅತ್ತೆಯವರಿಗೆ ನಿಮ್ಮ ಸೊಸೆ ಮಹಾನಂದಾಳ ಶರಣು ಶರಣಾರ್ಥಿ.

ನಿಮ್ಮ ಮಂಡಿನೋವು ಹೇಗಿದೆ? ಸೊಲ್ಲಾಪುರದ ನೀರು ಒಗ್ಗಿತೇ? ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರು ಹೇಳಿದ್ದು ಅಮೃತಾಳಿಗೆ. ಮಗಳ ನೆಪದಲ್ಲಿ ನೀವು ಆ ಮನೆಯವರಿಗೆಲ್ಲ ಅಡಿಗೆ ಮಾಡಿ ಹಾಕುತ್ತಿರುತ್ತೀರಿ, ನನಗೆ ಗೊತ್ತು. ಅಲ್ಲಿ ನೀವು ಬೀಗತಿ ಎಂಬುದು ನೆನಪಿರಲಿ. ಫೋನು ಮಾಡಬಹುದಿತ್ತು. ಆದರೆ ನಿಮಗೆ ಕೇಳಿಸುವಷ್ಟು ಜೋರಾಗಿ ಹೇಳಿದರೆ ಓಣಿಗೆಲ್ಲ ಕೇಳಿಸುತ್ತದೆ, ಮೆಲ್ಲಗೆ ಹೇಳಿದರೆ ನೀವು "ಹಾಂ? ಹಾಂ?" ಎನ್ನುತ್ತೀರಿ. ಅದಕ್ಕೇ ಸ್ಪೀಡ್ ಪೋಸ್ಟು. ಇದನ್ನು ಅಮೃತಾಳ ಕೈಗೆ ಕೊಡಬೇಡಿರಿ, ಈ ಹೊತ್ತಿನಲ್ಲಿ ಅವಳು ಹೆದರಬಾರದು. ಚಾಳೀಸು ಹಾಕಿಕೊಂಡು ನೀವೇ ಓದಿರಿ.

ಗಾಡಿ ಸಿಕ್ಕಿದೆ. ಸಂತೋಷಪಡಬೇಡಿರಿ, ಇನ್ನೂ ಇದೆ. ನೀವು ಬಸ್ಸು ಹತ್ತುವ ಹಿಂದಿನ ದಿನ ನಸುಕಿನಲ್ಲಿ ನಾನು ರೊಟ್ಟಿ ಬುಟ್ಟಿ ಹೊತ್ತು ಬಾಗಿಲಿಗೆ ಬಂದರೆ ನಮ್ಮ ಮೂರು ಗಾಲಿಯ ಟಂಟಂ ಇರಲಿಲ್ಲವಲ್ಲ, ಅದು ಮೂರನೆಯ ದಿನವೇ ಪಕ್ಕದ ಜಿಲ್ಲೆಯ ಒಂದು ಸೇತುವೆಯ ಹತ್ತಿರ ಪೊಲೀಸರಿಗೆ ಸಿಕ್ಕಿತ್ತಂತೆ. ಒಳಗೆ ಹನ್ನೊಂದು ಕುರಿ, ಎಲ್ಲವೂ ಕದ್ದವು. ಕದ್ದವರು ಓಡಿಹೋದರು. ಗಾಡಿಯನ್ನು ಕ್ರೇನಿನಿಂದ ಎಳೆಸಿ ಯಾರೋ ಗುತ್ತಿಗೆದಾರನ ಬಯಲಿನಲ್ಲಿ ನಿಲ್ಲಿಸಿದರು. ನಮಗೆ ಸುದ್ದಿ ಕೊಟ್ಟದ್ದು ಹತ್ತೊಂಬತ್ತು ದಿನದ ಮೇಲೆ, ಜಾಗದ ಬಾಡಿಗೆ ಮಾತ್ರ ಮೊದಲನೆಯ ದಿನದಿಂದ. ದಿನಕ್ಕೆ ಇನ್ನೂರೈವತ್ತು, ಕ್ರೇನಿಗೆ ಆರು ಸಾವಿರ ಬೇರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಕದ್ದವರು ಪುಕ್ಕಟೆ ಓಡಾಡಿಸಿದರು, ಕಳೆದುಕೊಂಡವರು ಬಾಡಿಗೆ ಕಟ್ಟಬೇಕು. ನಾನು ಅಲ್ಲಿಯೇ ಜಗಳಕ್ಕೆ ನಿಲ್ಲುತ್ತಿದ್ದೆ, ನನ್ನ ಬಾಯಿ ನಿಮಗೆ ಗೊತ್ತಲ್ಲ. ಆದರೆ ಆ ಬಾಯಿಯೇ ಈಗ ಕಟ್ಟಿಹೋಗಿದೆ.

ಕಾರಣ ಆ ಚಾವಿ. ಚಾವಿ ಗಾಡಿಯಲ್ಲೇ ಇರಬೇಕು ಎಂಬುದು ನಿಮ್ಮ ಕಟ್ಟಪ್ಪಣೆ. "ಯಾವ ಹೊತ್ತಿನ್ಯಾಗ ಯಾರಿಗಿ ಏನ್ ಬರತೈತೋ, ನಮ್ಮನ್ನ ಎಬ್ಬಸೂದು ಯಾಕ" ಎನ್ನುತ್ತಿದ್ದಿರಿ. ಹೋದ ವರ್ಷ ಅರ್ಫಾಳಿಗೆ ಹೆರಿಗೆ ನೋವು ಶುರುವಾದಾಗ ನಮ್ಮ ಓಣಿಯ ಸರ್ಫರಾಜ್ ನಮ್ಮನ್ನು ಕೇಳದೆಯೇ ಗಾಡಿ ತೆಗೆದುಕೊಂಡು ಹೋಗಿ ಹೆಂಡತಿ, ಕೂಸು ಇಬ್ಬರನ್ನೂ ಉಳಿಸಿಕೊಂಡ. ಓಣಿಯಲ್ಲಿ ಹತ್ತು ಮನೆಯವರೂ ಹಾಗೆ ಒಯ್ದಿದ್ದಾರೆ, ಎಣ್ಣೆ ಹಾಕಿಸಿ ತಂದು ನಿಲ್ಲಿಸಿದ್ದಾರೆ. ಇದು ನಮ್ಮೂರಿನಲ್ಲಿ ಯಾರಿಗೂ ಹುಚ್ಚುತನ ಅನ್ನಿಸಲಿಲ್ಲ. ಆದರೆ ದೂರು ಕೊಡಲು ಹೋದ ದಿನ ಠಾಣೆಯ ಹೊರಗೆ ನಿಂತಿದ್ದ ಯಾರೋ ಒಬ್ಬ, "ಚಾವಿ ಗಾಡ್ಯಾಗ ಬಿಟ್ಟಿದ್ವಿ ಅಂದೀರಿ ಮತ್ತ! ಇನ್ಶೂರನ್ಸ್ ಮರತಬಿಡ್ರಿ" ಎಂದ. ನಿಮ್ಮ ಮಗ ಹೊರಗೆ ಝೆರಾಕ್ಸ್ ತೆಗೆಸಲು ಹೋಗಿದ್ದರು. ಒಳಗೆ ಕೇಳಿದಾಗ ನಾನು ಚಾವಿ ಮನೆಯಲ್ಲಿ ದೇವರ ಜಗಲಿಯ ಮೇಲಿತ್ತು ಎಂದುಬಿಟ್ಟೆ. ಬರೆದುಕೊಂಡರು. ಸಹಿ ಮಾಡಿದೆ. ಜಾಣತನ ಮಾಡಿದೆ ಎಂದು ಮನಸ್ಸಿನಲ್ಲಿ ಬೀಗಿದ್ದೂ ಉಂಟು.

ನಿನ್ನೆ ನಾವಿಬ್ಬರೂ ಆ ಊರಿಗೆ ಹೋಗಿದ್ದೆವು. ತಂತಿಬೇಲಿಯ ಆಚೆ ನಮ್ಮ ಟಂಟಂ ನಿಂತಿತ್ತು. ಒಂದು ಕನ್ನಡಿ ಇಲ್ಲ, ತಾಡಪತ್ರಿ ಇಲ್ಲ, ರೊಟ್ಟಿ ಇಡುವ ಹಲಗೆಯ ಮೇಲೆ ಕುರಿಹಿಕ್ಕೆ. ಕಾವಲಿನ ಫಕೀರೇಶ ಒಳ್ಳೆಯವನು, ಬೇಲಿಯ ಹೊರಗಿನಿಂದ ನೋಡಲು ಬಿಟ್ಟ, ಮುಟ್ಟಲು ಬಿಡಲಿಲ್ಲ. ಅಲ್ಲಿಂದ ಠಾಣೆಗೆ ಹೋದೆವು. ಪೊಲೀಸಿನವರು ಅರಿವೆಯ ಚೀಲದಿಂದ ಚಾವಿ ತೆಗೆದು ಮೇಜಿನ ಮೇಲೆ ಇಟ್ಟರು. ಗಾಡಿಯಲ್ಲೇ ಸಿಕ್ಕಿದ್ದಂತೆ. ನೀವು ಕಟ್ಟಿದ ಕೆಂಪು ದಾರ ಹಾಗೆಯೇ ಇತ್ತು. "ಮನಿಯಾಗಿನ ಚಾವಿ ಇಲ್ಲಿತನಕ ನಡಕೋಂತ ಬಂತೇನವ್ವಾ? ಇಲ್ಲಾ ನೀವ ಕೊಟ್ಟ ಕಳಿಸಿದ್ರಿ?" ಎಂದರು. ಕಟ್ಟೆಯ ಮೇಲೆ ಕುರಿ ಕಳೆದುಕೊಂಡವರು ಕೂತಿದ್ದರು. ಅವರಲ್ಲಿ ಹಿರಿಯನೊಬ್ಬ ನಿಮ್ಮ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಮ್ಮನ್ನು ಅವರು ಕಳ್ಳರ ಪಾಲುದಾರರು ಎಂದು ತಿಳಿದಿದ್ದಾರೆ. ಊರು ಮುಟ್ಟಿದ ಮೇಲೆ ಇವರು, "ಒಳಗ ಹಾಕಿದ್ರ ನನ್ನ ಹಾಕ್ತಾರ, ನಿನ್ನ ಅಲ್ಲ" ಎಂದಷ್ಟೇ ಹೇಳಿದರು. ಇವತ್ತು ತುತ್ತು ಅನ್ನ ಮುಟ್ಟಿಲ್ಲ. ಬಾಗಿಲ ಮುಂದೆ ಬೈಕು ನಿಂತರೆ ಸಾಕು, ಹಿತ್ತಲಿಗೆ ಹೋಗಿ ನಿಲ್ಲುತ್ತಾರೆ. ನಾನು ರೊಟ್ಟಿ ಬಡಿಯುವ ಸದ್ದು ಜೋರು ಮಾಡುತ್ತೇನೆ.

ವಕೀಲ ಪ್ರಭು ಅವರನ್ನು ಕಂಡೆವು. ಕೋರ್ಟಿನ ಆದೇಶವಿಲ್ಲದೆ ಗಾಡಿ ಹೊರಗೆ ಬರುವುದಿಲ್ಲ, ಬಾಡಿಗೆ ನಿಲ್ಲುವುದಿಲ್ಲ. ಆದೇಶ ಬೇಕೆಂದರೆ ಗಾಡಿ ಯಾರ ಹೆಸರಿನಲ್ಲಿದೆಯೋ ಅವರೇ ಪ್ರಮಾಣ ಮಾಡಬೇಕು, ಅಂದರೆ ನೀವು. "ಆಯಿಗಿ ಠಾಣೆದಿಂದ ಫೋನ್ ಬರತೈತ್ರಿ, ಹೌದು ಅಂದಬಿಟ್ರ ಸಾಕು, ಮುಂದಿಂದು ನಾ ನೋಡಿಕೋತೀನಿ" ಎಂದರು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ನಮ್ಮ ರೊಟ್ಟಿ ಸಂಘದ ಏಳು ಮಂದಿ ಹೆಣ್ಣುಮಕ್ಕಳು ರೊಟ್ಟಿಯನ್ನು ಬಸ್ಸಿನ ಮೇಲೆ ಹಾಕಿ ಹುಬ್ಬಳ್ಳಿಗೆ ಕಳಿಸುತ್ತಿದ್ದಾರೆ, ಅರ್ಧ ಮುರಿದು ವಾಪಸು ಬರುತ್ತವೆ. ನನಗೆ ಅವರ ಮುಖ ನೋಡಲು ಆಗುತ್ತಿಲ್ಲ.

ಅಮೃತಾಳಿಗೆ ಸುಖವಾಗಿ ಹೆರಿಗೆಯಾಗಲಿ, ಬೀಗರಿಗೆಲ್ಲ ನಮ್ಮ ಶರಣು ತಿಳಿಸಿರಿ. ನೀವು ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗಿರಿ. ನಿಮ್ಮ ಪಾದಕ್ಕೆ ತಲೆಯಿಟ್ಟು,

ನಿಮ್ಮ ಸೊಸೆ
ಮಹಾನಂದಾ

ತಾ.ಕ.: ಪೋಸ್ಟು ಮುಚ್ಚುವ ಹೊತ್ತಾಯಿತು, ಬರೆಯಬೇಕಾದದ್ದು ಇನ್ನೂ ಬರೆದಿಲ್ಲ. ಚಾವಿ ಜಗಲಿಯ ಮೇಲಿತ್ತು ಎಂದಷ್ಟೇ ನಾನು ಹೇಳಲಿಲ್ಲ ಅತ್ತೀ. ಯಾರು ಇಟ್ಟರು ಎಂದು ಕೇಳಿದರು. ಊರೆಲ್ಲ ನಂಬುವ ಹೆಸರು ಒಂದೇ ನೆನಪಾಯಿತು, ನಮ್ಮ ಅತ್ತೆ ಶಿವಗಂಗವ್ವ ಕೈಯಾರೆ ಇಟ್ಟರು ಎಂದೆ. ಬರುವ ಸೋಮವಾರ ನಾನೇ ಹೋಗಿ ಅದು ಸುಳ್ಳು ಎಂದು ಬರೆದುಕೊಡುತ್ತೇನೆ, ಆಮೇಲೆ ಏನಾಗುತ್ತದೋ ಆಗಲಿ. ಅದಕ್ಕೂ ಮೊದಲು ಅವರು ಫೋನು ಮಾಡಿ ನಿಮ್ಮನ್ನು ಕೇಳಬಹುದು. ನೀವು ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. ಆದರೆ ನನ್ನ ಸಲುವಾಗಿ ಹೌದು ಎಂದುಬಿಡುತ್ತೀರಿ. ನನಗೆ ಪೊಲೀಸರಿಗಿಂತ ಅದರ ಹೆದರಿಕೆಯೇ ಹೆಚ್ಚಾಗಿದೆ. ಅನ್ನಬೇಡಿರಿ.